ನಿಂತರೆ ಬಿಸಿಯಾಗುವ ಕಾರು

ವಾಡಿಯ ಕಾಶೀನಾಥ ಮನೆಗಳಿಗೆ ಶಹಾಬಾದಿ ಕಲ್ಲು, ಟೈಲ್ಸ್ ಹಾಸುವವ. ಅವನು ಹಾಸಿದ ನೆಲದ ಮೇಲೆ ನೀರು ಚೆಲ್ಲಿದರೆ ಎಲ್ಲೂ ನಿಲ್ಲುವುದಿಲ್ಲ. ಅವನ ಸಿಟ್ಟೂ ಹಾಗೆಯೇ. ಆ ಮೇ ತಿಂಗಳಲ್ಲಿ ಅದು ಗ್ಯಾರೇಜಿನವನ ಮೇಲೆ, ರಾವೂರ ರಸ್ತೆಯ ಸಿಮೆಂಟು ಲಾರಿಗಳ ಮೇಲೆ, ತನ್ನ ಹಳೆಯ ಕಾರಿನ ಮೇಲೆ ಹರಿದಾಡುತ್ತಿತ್ತು.

ಕಾರಣವಿತ್ತು. ಹೆಂಡತಿ ಶಿವಗಂಗಾಳಿಗೆ ನರದ ಕಾಯಿಲೆ. ಮೈ ಬಿಸಿಯಾದರೆ ಕಾಲುಗಳು ಸೋಲುತ್ತವೆ, ಕಣ್ಣು ಮಂಜಾಗುತ್ತದೆ. ತಿಂಗಳಿಗೊಮ್ಮೆ ಕಲಬುರಗಿಯ ಆಸ್ಪತ್ರೆಯಲ್ಲಿ ಔಷಧ ಏರಿಸಿಕೊಳ್ಳಬೇಕು. ತಪ್ಪಿಸಿದರೆ ಹೋದ ಶಕ್ತಿ ಮರಳುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಕಳೆದ ಸಲ ಕಾರು ಮುಚ್ಚಿದ ರೈಲ್ವೆ ಗೇಟಿನಲ್ಲಿ ನಿಂತಿತು, ಏಸಿಯಿಂದ ಬಿಸಿಗಾಳಿ ಬಂತು, ಅವಳನ್ನು ಆಸ್ಪತ್ರೆಯೊಳಗೆ ಎತ್ತಿಕೊಂಡೇ ಹೋಗಬೇಕಾಯಿತು.

"ಆ ಒಲಿಯೊಳಗ ನಾ ಇನ್ನ ಕೂಡಂಗಿಲ್ಲ," ಎಂದಳು. "ಔಷಧ ಮಣ್ಣಾಗ ಹೋಗ್ಲಿ."

ಗ್ಯಾರೇಜಿನವನು ಏನನ್ನೂ ನೋಡದೆ ಏಸಿಗೆ ಗ್ಯಾಸ್ ತುಂಬಿದ. ರೋಗ ನೋಡದೆ ಮದ್ದು ಕೊಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಬಿಸಿ ಹೋಗದೆ ಕಾಶೀನಾಥ ಮತ್ತೆ ಹೋದರೆ ಅವನು ಮತ್ತೆ ಅದೇ ಪೈಪು ಎತ್ತಿಕೊಂಡ.

"ಗ್ಯಾಸ್ ಲೀಕ್ ಆಗ್ಯಾದ್ರಿ ಕಾಕಾ."

"ಲೀಕ್ ಆಗಿದ್ರ ಗಾಡಿ ಓಡೋವಾಗ ತಂಪ ಹ್ಯಾಂಗ ಬರ್ತದಲೇ? ನಿಂತಾಗಷ್ಟೇ ಬಿಸಿ. ಬಾನೆಟ್ ಎತ್ತಿ ನೋಡಿದ್ಯೇನು? ನಿನ್ನ ಕಣ್ಣಾಗೂ ಗ್ಯಾಸ್ ತುಂಬ್ಯಾದೇನು?"

ಪ್ರಶ್ನೆ ಸರಿಯಾಗಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಉತ್ತರ ಹುಡುಕಲು ಅವನು ಮನೆಯಂಗಳದಲ್ಲೇ ಕಾರಿನ ಮುಂದಿನ ಜಾಲರಿ ಬಿಚ್ಚಿದ. ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಆದರೆ ಕಂಡೆನ್ಸರು, ಎಂದರೆ ಗ್ಯಾಸಿನ ಶಾಖವನ್ನು ಹೊರಗೆ ಬಿಡುವ ತೆಳು ಅಲ್ಯೂಮಿನಿಯಂ ಹಾಳೆಗಳ ಚೌಕಟ್ಟು, ಕಾಣಿಸಲೇ ಇಲ್ಲ. ಅಲ್ಲೊಂದು ಬೂದು ಗೋಡೆಯಿತ್ತು. ಉಗುರಿನಿಂದ ಬಡಿದರೆ ಟಕ್ ಎಂದಿತು. ಓಡುವಾಗ ಎದುರುಗಾಳಿ ಹೇಗೋ ಒಳನುಗ್ಗುತ್ತಿತ್ತು; ನಿಂತಾಗ ಫ್ಯಾನಿನ ಗಾಳಿಗೆ ಈ ಗೋಡೆ ದಾಟಲಾಗುತ್ತಿರಲಿಲ್ಲ.

ಸರಕಿನ ಮೇಲೆ ತಾಡಪತ್ರಿ ಹೊದಿಸದೆ ಓಡುವ ಲಾರಿಗಳ ಸಿಮೆಂಟು ಧೂಳು. ಅದನ್ನು ಊರಿನವರೇ ನುಂಗಬೇಕೆಂಬುದು ಯಾರ ತೀರ್ಮಾನವೋ ತಿಳಿಯದು. ಕಾಶೀನಾಥ ಲಾರಿಯವರ ತಲೆಮಾರುಗಳನ್ನೆಲ್ಲ ಬೈದ.

ಕಟ್ಟೆಯ ಮೇಲೆ ಕುಳಿತಿದ್ದ ಶಿವಗಂಗಾ ಕೇಳಿದಳು: "ಧೂಳಿ ಲಾರಿಯವ್ರದು. ನೀರ ಯಾರದ್ರಿ?"

ಧೂಳು ಹೋಗಲೆಂದು ದಿನಾ ಬೆಳಿಗ್ಗೆ ನಲ್ಲಿಗೆ ಪೈಪು ಸಿಕ್ಕಿಸಿ ಜಾಲರಿಯೊಳಗೆ ನೀರು ಹೊಡೆದವನು ಅವನೇ. ಹೊಸ ಗೋಡೆಗೆ ನೀರುಣಿಸಿದಂತೆ ಧೂಳಿಗೆ ನೀರುಣಿಸಿ ಗಟ್ಟಿ ಮಾಡಿದ್ದ. ಜೀವನವಿಡೀ ಸಿಮೆಂಟು ಕಲಸಿದವನಿಗೆ ಇದು ಹೊಳೆದಿರಲಿಲ್ಲ.

ಅವನು ಒಳಗಿನಿಂದ ಆಸಿಡ್ ಕ್ಯಾನು ತಂದ. ಟೈಲ್ಸಿಗೆ ಅಂಟಿದ ಸಿಮೆಂಟನ್ನು ಅವನ ಕಸುಬಿನವರು ತೆಗೆಯುವುದು ಅದರಿಂದಲೇ.

"ಏನ್ ಮಾಡ್ಲಿಕತ್ತೀರಿ?"

"ಸುಮ್ಮ ಕುಂದ್ರು. ಎರಡ ಮಿನಿಟಿನ್ಯಾಗ ತೊಳದ ಹೋಗ್ತದ."

"ಮೊದಲ ಇದರ ಮ್ಯಾಲ ಹಾಕ್ರಿ." ಅವಳು ಕಟ್ಟೆಯ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಮುಚ್ಚಳವೊಂದನ್ನು ಅವನ ಕಾಲ ಬಳಿಗೆ ಎಸೆದಳು.

ಹಾಕಿದ. ಮುಚ್ಚಳ ನೊರೆಗಟ್ಟಿ ಹೊಗೆಯಾಡಿತು. ನೊರೆ ಇಳಿದಾಗ ನಡುವೆ ತೂತು ಬಿದ್ದಿತ್ತು.

"ನಾಳಿನ ನನ್ನ ಆಸ್ಪತ್ರಿ ಈ ತೂತಿನ್ಯಾಗ ಹೋಗ್ತಿತ್ತು ನೋಡ್ರಿ."

"ಬಾಯಿ ಮುಚ್ಚ."

"ಹ್ಯಾಂಗ ಮುಚ್ಚಲಿ? ಮುಚ್ಚಳಾ ನೀವೇ ತೂತ ಮಾಡೀರಿ."

ಅವನು ನಗಲಿಲ್ಲ. ಕ್ಯಾನು ಒಳಗಿಟ್ಟು ಬಂದು, ಬಿದಿರಿನ ಕಡ್ಡಿಯ ಮೊನೆ ತೆಳ್ಳಗೆ ಹೆರೆದು, ಹಾಳೆಗಳು ಬಾಗದಂತೆ ಒಂದೊಂದೇ ಸಂದಿಯ ಸಿಮೆಂಟು ಕೆದಕಿದ. ಒಣ ಬ್ರಷ್ಷಿನಿಂದ ಪುಡಿ ಉದುರಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಪ್ರತಿ ಸಂದಿಗೂ ಒಂದು ಬೈಗುಳ. ಕೆಲವು ಲಾರಿಯವರಿಗೆ, ಕೆಲವು ಗ್ಯಾರೇಜಿನವನಿಗೆ. ತನಗೆಂದು ಒಂದನ್ನೂ ಉಳಿಸಿಕೊಳ್ಳಲಿಲ್ಲ. ಸಂಜೆಗೆ ಅಲ್ಯೂಮಿನಿಯಂ ಕಂಡಿತು. ಮೂಲೆಗಳಲ್ಲಿ ಸಿಮೆಂಟು ಉಳಿದೇ ಇತ್ತು.

ಮರುದಿನ ಶಿವಗಂಗಾ ಕಾರು ಹತ್ತಿದಳು, ಷರತ್ತು ಹಾಕಿಯೇ: "ಗೇಟಿನ್ಯಾಗ ಬಿಸಿ ಬಂತಂದ್ರ ಅಲ್ಲಿಂದಾನೇ ವಾಪಸ್."

ಗೇಟು ಮುಚ್ಚಿತ್ತು. ಗೂಡ್ಸ್ ರೈಲು ಮುಗಿಯುವಂತೆಯೇ ಇರಲಿಲ್ಲ. ಮುಂದೆ ನಿಂತ ಲಾರಿಗೆ ತಾಡಪತ್ರಿಯಿಲ್ಲ. ಅದರ ಧೂಳು ನೇರ ಕಾರಿನ ಮೂತಿಗೆ ಉದುರುತ್ತಿತ್ತು. ಕಾಶೀನಾಥ ಹಲ್ಲು ಕಡಿದು ಬಾಗಿಲಿಗೆ ಕೈ ಹಾಕಿದ.

"ಬಾಗಲಾ ತಗೀಬ್ಯಾಡ್ರಿ," ಎಂದಳು ಶಿವಗಂಗಾ, ಏಸಿಯ ಕಿಂಡಿಗೆ ಅಂಗೈ ಒಡ್ಡಿ. "ತಂಪ ಹೊರಗ ಹೋಗ್ತದ."

ಅವನು ಕೈ ಹಿಂತೆಗೆದ. ಮುಚ್ಚಿದ ಗಾಜಿನೊಳಗಿಂದಲೇ ಲಾರಿಯವನನ್ನು ಬಾಯಿತುಂಬ ಬೈದ.