ಬಲಗಡೆಯ ಐವತ್ತು

ನಮ್ಮಕ್ಕನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟದ ತಟ್ಟೆ ಕೈಯಲ್ಲಿ ಹಿಡಿದೇ ಮೂರು ಕೋಣೆ ಸುತ್ತಿ ಬರುವ ಹೆಂಗಸು. ಮನೆಯಲ್ಲಿ ಎಲ್ಲರೂ ಅವಳನ್ನು ‘ಬುಗುರಿ’ ಎನ್ನುತ್ತೇವೆ. ಅಂಥವಳಿಗೆ ಸಿಕ್ಕಿದ್ದು ದಿನವಿಡೀ ಕೂರುವ ಕೆಲಸ, ಅದೂ ಎಂಥ ಕೆಲಸ! ಕಂಪ್ಯೂಟರಿನೊಳಗೆ ಹೆಂಗಸರ ಎದೆ ಕಟ್ಟುವುದು. ಮೇಲೆ ಚರ್ಮ, ಕೆಳಗೆ ಕೊಬ್ಬು, ನಡುವೆ ಹಾಲಿನ ಗ್ರಂಥಿ, ಎಲ್ಲೋ ಒಂದು ಕಡೆ ಕಡಲೆಕಾಳಿನಷ್ಟು ಗಂಟು. ಶಬ್ದದ ಅಲೆ ಯಾವುದರಲ್ಲಿ ಎಷ್ಟು ಬೇಗ ಹಾಯುತ್ತದೆ ಎಂದು ಒಂದೊಂದನ್ನೂ ಕಂಪ್ಯೂಟರಿಗೆ ಹೇಳಿಕೊಡಬೇಕು. ಆಗ ಯಾವ ಹೆಂಗಸನ್ನೂ ಮಲಗಿಸದೆ ಸ್ಕ್ಯಾನಿಂಗಿನ ಚಿತ್ರ ಬರುತ್ತದೆ. ಆ ಚಿತ್ರಗಳನ್ನು ತೋರಿಸಿ, ಗಂಟು ಹುಡುಕುವುದನ್ನು ಒಂದು ಹೊಸ ಯಂತ್ರಕ್ಕೆ ಕಲಿಸುತ್ತಿದ್ದರು.

ಅಕ್ಕ ಕಟ್ಟಿದ್ದು ಐವತ್ತು ಹೆಂಗಸರನ್ನು: ಎಡಗಡೆಯ ಐವತ್ತು ಎದೆ ಕಲಿಸುವುದಕ್ಕೆ, ಬಲಗಡೆಯ ಐವತ್ತು ಪರೀಕ್ಷೆಗೆ. ಪರೀಕ್ಷೆಯಲ್ಲಿ ಯಂತ್ರ ಒಂದು ಗಂಟನ್ನೂ ಬಿಡಲಿಲ್ಲ. ಮುಂದಿನ ತಿಂಗಳು ಆಸ್ಪತ್ರೆಗಳಿಗೆ ಕಳಿಸುವುದೆಂದಾಯಿತು. ಅಕ್ಕನ ಮೇಲಿನವರು ಅವಳ ಕೆಲಸ ಕಾಯಂ ಮಾಡುತ್ತೇನೆ ಎಂದರು. ಎರಡು ವರ್ಷದಿಂದ ಅದೊಂದು ಮಾತಿಗೇ ಅವಳು ಬಾಯಿಬಿಟ್ಟುಕೊಂಡು ಕಾದಿದ್ದಳು.

ಆ ಭಾನುವಾರ ನನ್ನ ಹೊಲಿಗೆ ಅಂಗಡಿಗೆ ಬಂದು, ಎಡಬಲದ ಒಂದು ಜೊತೆಯನ್ನು ಫೋನಿನಲ್ಲಿ ತೋರಿಸಿದಳು. ನಾನು ಇಪ್ಪತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವವಳು. ಬಾಯಿ ಸುಮ್ಮನಿರಬೇಕಲ್ಲ!

“ಇದೇನಕ್ಕ, ಎರಡೂ ಅಚ್ಚು ಹಾಕಿದ ಹಾಗಿದೆ? ಎರಡು ಕಡೇನೂ ಒಂದೇ ಅಳತೆ ಇರೋ ಹೆಂಗಸನ್ನ ನಾನಂತೂ ಕಂಡಿಲ್ಲ ತಾಯಿ.”

ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವಳ ಮುಖ ಬಿಳುಚಿಕೊಂಡಿತು.

“ಟೈಮ್ ಇರ್ಲಿಲ್ಲ ಕಣೇ. ಎಡದ್ದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಬಲದ್ದು ಅಂತ ಇಟ್ಬಿಟ್ಟೆ. ಗಂಟೂ ಅದೇ ಜಾಗದಲ್ಲಿ. ಪಾಠದಲ್ಲಿ ಮಾಡಿಸಿದ ಲೆಕ್ಕಾನೇ ಪರೀಕ್ಷೆಗೂ ಕೊಟ್ಟ ಹಾಗಾಯ್ತು.”

“ಅಯ್ಯೋ, ಹೋಗಿ ಹೇಳ್ಬಿಡು!”

“ಹೇಳಿದ್ರೆ ಕೆಲಸ ಹೋಗುತ್ತೆ.”

“ಹೇಳದಿದ್ರೆ?”

ಅಕ್ಕ ಅಂಗಡಿಯಲ್ಲಿ ಸುತ್ತತೊಡಗಿದಳು. ಮಡಿಸಿಟ್ಟ ಬಟ್ಟೆ ಬಿಡಿಸಿದಳು, ಮತ್ತೆ ಮಡಿಸಿದಳು, ಬಾಗಿಲು ತೆಗೆದಳು, ಹಾಕಿದಳು. ನೋಡಿ ನೋಡಿ ನನಗೇ ತಲೆ ಸುತ್ತಿತು.

ಮೂರು ದಿನ ಇದೇ ಗೋಳು. ನಾನೂ ಬಾಯಿಗೆ ಬಂದ ಹಾಗೆ ಬೈದೆ. ನಾಲ್ಕನೆಯ ದಿನ ಹೋಗಿ ಹೇಳಿಯೇಬಿಟ್ಟಳು. ಮೇಲಿನವರು ಕುರ್ಚಿ ಬಿಟ್ಟು ಎದ್ದರಂತೆ. “ನಿಮ್ಮನ್ನ ಯಾರಾದ್ರೂ ಕೇಳಿದ್ರೇನ್ರೀ? ಸುಮ್ನೆ ಇರೋಕಾಗ್ಲಿಲ್ವಾ?” ಎಂದರಂತೆ. ಆದರೂ ಎರಡು ವಾರ ಕೊಟ್ಟರು. ಅಕ್ಕ ಬೇರೆ ಬೇರೆ ಹೆಂಗಸರ ಸ್ಕ್ಯಾನ್ ಮುಂದಿಟ್ಟುಕೊಂಡು ಹೊಸದಾಗಿ ಇಪ್ಪತ್ತು ಕಟ್ಟಿದಳು. ಒಂದೊಂದರಲ್ಲೂ ಗಂಟನ್ನು ಬೇರೆ ಬೇರೆ ಜಾಗದಲ್ಲಿಟ್ಟಳು. ಯಂತ್ರಕ್ಕೆ ಮತ್ತೆ ಪರೀಕ್ಷೆಯಾಯಿತು.

ಆ ದಿನ ಮಧ್ಯಾಹ್ನ ಬಸ್ ನಿಲ್ದಾಣದಿಂದ ಫೋನ್ ಮಾಡಿದಳು.

“ಏಳು ಗಂಟು ಅದಕ್ಕೆ ಸಿಗಲಿಲ್ಲ ಕಣೇ. ಇಪ್ಪತ್ತರಲ್ಲಿ ಏಳು.”

“ನಿನ್ನ ಕೆಲಸ?”

“ಈ ತಿಂಗಳಿಗೆ ಮುಗೀತು. ಯಂತ್ರಾನ ಆಸ್ಪತ್ರೆಗೆ ಕಳಿಸೋದೂ ನಿಂತುಹೋಯ್ತು.”

ನನಗೆ ಅಳುವೇ ಬಂತು. ಬೇಕಿತ್ತೇ ನನ್ನ ಈ ಹಾಳು ಬಾಯಿಗೆ? ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ, ಹೇಳಿದೆ: “ಹೋಗ್ಲಿ ಬಿಡಕ್ಕ. ಆ ಏಳು ಜನಾನೂ ಕಂಪ್ಯೂಟರಿನಲ್ಲಿರೋ ಹೆಂಗಸರು ತಾನೇ. ನಿಜವಾದವರಲ್ಲವಲ್ಲ.”

“ಹೂಂ,” ಎಂದಳು ಅಕ್ಕ. “ಬೆಳಗ್ಗೆಯಿಂದ ಅದನ್ನೇ ಹೇಳ್ಕೊಳ್ತಾ ಓಡಾಡ್ತಿದೀನಿ. ನಿಜವಾದವರಲ್ಲ. ಸದ್ಯ, ನಿಜವಾದವರಲ್ಲ.”