ಹುಕ್ಕೇರಿಯ ಡಬ್ಬಿ

ಬಸ್ಸಿನ ಕುಲುಕಾಟಕ್ಕೆ ಮುಚ್ಚಳ ಕಿತ್ತು ಕರದಂಟು ಯಾರದೋ ಜರಿಸೀರೆಯ ಮೇಲೆ ಬೀಳಬಹುದು. ಡಬ್ಬಿಯನ್ನು ಸೀಟಿನ ಕೆಳಗೇ ಮರೆತು ನಾನು ಮೂಡಲಗಿಯಲ್ಲಿ ಇಳಿದುಬಿಡಬಹುದು. ಷಡ್ಡಕ ಬರದೇ ಇರಬಹುದು. ಬಂದರೂ ಸಕ್ಕರೆ ಕಾಯಿಲೆಯೆಂದು ಮುಟ್ಟದೇ ಇರಬಹುದು. ಡಬ್ಬಿ ಕೊಡುವಾಗ ಆಡಲೆಂದು ಮೂರು ದಿನ ಕನ್ನಡಿಯ ಮುಂದೆ ನಿಂತು ತಯಾರು ಮಾಡಿದ ಮಾತು ಗಂಟಲಲ್ಲೇ ಉಳಿಯಬಹುದು. ಗೋಕಾಕ ಬಸ್ ನಿಲ್ದಾಣದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇವನ್ನೆಲ್ಲ ಎಣಿಸುತ್ತಿದ್ದೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹುಕ್ಕೇರಿಯವರು. ನಾಲ್ಕು ದೀಪಾವಳಿಗಳ ಹಿಂದೆ ಆ ಸ್ಟೀಲ್ ಡಬ್ಬಿಯ ತುಂಬ ಚಕ್ಕುಲಿ ಕಳಿಸಿದ್ದರು. ಚಕ್ಕುಲಿ ವಾರದಲ್ಲೇ ಮುಗಿಯಿತು. ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮ ಕಡೆ ಮರ್ಯಾದೆಯಲ್ಲ, ಏನಾದರೂ ತುಂಬಿ ಕೊಡಬೇಕು. ಏನು ತುಂಬಬೇಕೆಂಬ ಯೋಚನೆಯಲ್ಲೇ ನನಗೆ ನಾಲ್ಕು ವರ್ಷ ಹೋದವು. ಪಂಚಮಿಗೆ ಉಂಡಿ ತುಂಬೋಣ ಎಂದುಕೊಂಡೆ, ಪಂಚಮಿ ಮುಗಿಯಿತು. ಸಂಕ್ರಾಂತಿಗೆ ಮಾದಲಿ ಎಂದೆ. ಅಷ್ಟರಲ್ಲಿ ಅದರೊಳಗೆ ನಮ್ಮ ಮನೆಯ ಕಡಲೆಬೇಳೆ ಸಂಸಾರ ಹೂಡಿತ್ತು.

ಷಡ್ಡಕ ಮರೆಯುವ ಆಸಾಮಿಯಲ್ಲ. ಯಾವ ಕಾರ್ಯದಲ್ಲಿ ಸಿಕ್ಕರೂ ಊಟದ ಸಾಲಿನ ಆ ತುದಿಯಿಂದ ಕೂಗುವರು: "ಏನ್ರೀ ಗೋಕಾಕದವರ, ನಮ್ಮ ಡಬ್ಬಿ ಆರಾಮ ಐತಿಲ್ಲ? ಇಷ್ಟೊತ್ತಿಗಿ ಅದಕ್ಕ ಮೀಸಿ ಬಂದಿರಬೇಕು."

ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಆದರೆ ಕಳೆದ ತಿಂಗಳು ನಮ್ಮ ಮಗಳನ್ನು ನೋಡಲು ಮೂಡಲಗಿಯಿಂದ ವರನ ಕಡೆಯವರು ಬಂದಾಗ, ಷಡ್ಡಕ ಅವರೆದುರೇ ಅಂದರು: "ಇವರಿಗಿ ಲಗ್ನದ ಕೆಲಸ ಒಂದೂ ಹೇಳಬ್ಯಾಡ್ರಿ. ಮೊಮ್ಮಕ್ಕಳ ಲಗ್ನಕ್ಕ ಮುಗಸ್ತಾರು." ವರನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ಬೀಗ ಬೇಕೇ ಎಂದು ಅಳೆದಂತಿತ್ತು.

ಯಾವ ಸಂಕಲ್ಪವೂ ಮಾಡಿಸದ್ದನ್ನು ಆ ಸಿಟ್ಟು ಮಾಡಿಸಿತು. ಮರುದಿನ ಬೆಳಿಗ್ಗೆಯೇ ಕಡಲೆಬೇಳೆಯನ್ನು ಒಕ್ಕಲೆಬ್ಬಿಸಿದೆ. ಡಬ್ಬಿಗೆ ಬೂದಿ ಹಚ್ಚಿ ತಿಕ್ಕಿದೆ. ಷಡ್ಡಕನ ಮುಖವೇ ಕೈಗೆ ಸಿಕ್ಕಂತೆ ತಿಕ್ಕಿದೆ. ಅದೇ ಸೇಡಿನ ಹುರುಪಿನಲ್ಲಿ ಸೋರುವ ನಳ, ಕುಂಟುವ ಕುರ್ಚಿ, ವರ್ಷದಿಂದ ಕಿರುಗುಟ್ಟುತ್ತಿದ್ದ ಬಾಗಿಲು ಎಲ್ಲ ದುರಸ್ತಿಯಾದವು. ಹೆಂಡತಿ ಹಣೆ ಮುಟ್ಟಿ ನೋಡಿ, "ಆರಾಮ ಅದೀರಿಲ್ಲರಿ?" ಎಂದಳು. ಅಂಗಡಿಯಲ್ಲಿ ನಿಂತು ಗಟ್ಟಿ ಕರದಂಟನ್ನೇ ಆರಿಸಿ ತುಂಬಿಸಿದೆ. ಷಡ್ಡಕ ಆಗಷ್ಟೇ ಹಲ್ಲಿನ ಸೆಟ್ಟು ಕೂರಿಸಿಕೊಂಡಿದ್ದರು.

ವರನ ಮನೆ ನೋಡಲು ನಾವೆಲ್ಲ ಮೂಡಲಗಿಯಲ್ಲಿ ಸೇರುವವರಿದ್ದೆವು. ಹೆದರಿದ್ದು ಯಾವುದೂ ಆಗಲಿಲ್ಲ. ಡಬ್ಬಿ ಬೀಳಲಿಲ್ಲ, ನಾನು ಮರೆಯಲಿಲ್ಲ, ನಮ್ಮ ಕಡೆಯ ಹಿರಿಯರಾಗಿ ಷಡ್ಡಕ ಬಂದೇ ಬಂದರು. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟ ವರನ ತಾಯಿ, ರೂಢಿಯಂತೆ ಬಂದವರೆಲ್ಲರ ಕೈಚೀಲ ಇಸಿದುಕೊಂಡು ಒಳಗೊಯ್ದರು. ಡಬ್ಬಿಯಿದ್ದ ನನ್ನ ಚೀಲವನ್ನೂ ಒಯ್ದರು. ಬೇಡ ಎನ್ನುವಂತಿಲ್ಲ. ಷಡ್ಡಕನ ಎದುರೇ ಊಟಕ್ಕೆ ಕೂತು, ಡಬ್ಬಿ ತರಿಸಲು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಅದನ್ನು ಹಿಡಿದು ಬಂದರು. ಅದರ ಮೇಲೆ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕಿಸಿದ ಷಡ್ಡಕನ ಹೆಸರು, ಊರು, ನಾನು ತಿಕ್ಕಿದ ತಿಕ್ಕಿಗೆ ಫಳಫಳ ಹೊಳೆಯುತ್ತಿದ್ದವು.

"ಹುಕ್ಕೇರಿಯವರು ಕರದಂಟು ತಂದಾರ್ರಿ," ಎಂದು ಸಾಲಿಗೆಲ್ಲ ಬಡಿಸಿದರು. "ಭಾಳ ದೊಡ್ಡ ಮನಸ್ರಿ ನಿಮ್ದು."

ತಂದವನು ನಾನು ಎನ್ನಬೇಕಾದರೆ ನಾಲ್ಕು ವರ್ಷದ ಕತೆಯನ್ನೂ ಹೇಳಬೇಕಿತ್ತು. ಷಡ್ಡಕ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆಕೆಯ ಕೈಯಿಂದ ಡಬ್ಬಿ ಇಸಿದುಕೊಂಡು, ತಾವೇ ಎದ್ದು ಬಂದು ನನ್ನ ಎಲೆಗೆ ಎರಡು ತುಂಡು ಹಾಕಿದರು.

"ತಗೋರಿ ಗೋಕಾಕದವರ, ಸಂಕೋಚ ಮಾಡಬ್ಯಾಡ್ರಿ."