ತೊಟ್ಟು ಮೇಲಾದರೆ ಸಿಹಿ

ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಮಾವಿನ ಹಣ್ಣು ಮೂಸಿ ಸಿಹಿ ಹೇಳುತ್ತಿದ್ದವರು ಯಾರು ಎಂದು ಕೇಳಿ ನೋಡಿ. ಹತ್ತಕ್ಕೆ ಹತ್ತು ಜನ ಓಸ್ವಾಲ್ಡ್ ಪೊರ್ಬು ಎನ್ನುತ್ತಾರೆ. ಸುಳ್ಳು, ಶುದ್ಧ ಸುಳ್ಳು! ಕೊನೆಯ ನಾಲ್ಕು ವರ್ಷ ಆ ಮೂಗು ಸೆಲೀನಳದು. ಸೆಲೀನ್ ಎಂದರೆ ಓಸ್ವಾಲ್ಡನ ಹೆಂಡತಿ. ಉದ್ಯಾವರದಿಂದ ಬಸ್ಸಿನಲ್ಲಿ ಊಟದ ಬುತ್ತಿ ಹಿಡಿದು ಬರುತ್ತಿದ್ದ, ಕನ್ನಡಕದ ಕಡ್ಡಿಗೆ ದಾರ ಸುತ್ತಿದ, ಐವತ್ತೆರಡು ವರ್ಷದ ಹೆಂಗಸು.

ಅವಳ ತವರು ಕಾರ್ಕಳದ ಕಡೆ. ಅಲ್ಲಿ ಅಟ್ಟದ ಮೇಲೆ ಹುಲ್ಲು ಹಾಸಿ ಮುಂಡಪ್ಪ ಮಾವು ಹಣ್ಣಿಗೆ ಇಡುತ್ತಿದ್ದರು. ಎಷ್ಟು ಹಣ್ಣಾಯಿತು ಎಂದು ಅಮ್ಮ ಕೇಳಿದರೆ ಹುಡುಗಿ ಸೆಲೀನ್ ಏಣಿ ಹತ್ತುತ್ತಲೇ ಇರಲಿಲ್ಲ. ಬುಡದಲ್ಲಿ ನಿಂತೇ, "ನಾಳೆಗೆ ಏಳು, ಉಳಿದದ್ದು ನಾಡಿದ್ದು" ಎನ್ನುತ್ತಿದ್ದಳು. ಲೆಕ್ಕ ತಪ್ಪಿದ್ದೇ ಇಲ್ಲ. ಅದನ್ನು ಯಾರೂ ವಿದ್ಯೆ ಎನ್ನಲಿಲ್ಲ, ನಾಯಿಮೂಗು ಎಂದು ನಕ್ಕರು. ಮದುವೆಯಾಗಿ ಬಂದರೆ ಇಲ್ಲಿ ಮೂಗಿಗೆ ಹೆಸರಾದವನು ಗಂಡ! ಒಂದು ಮನೆಗೆ ಎರಡು ಮೂಗು ಯಾಕೆ ಎಂದು ಅವಳು ಸುಮ್ಮನಾದಳು.

ಓಸ್ವಾಲ್ಡನ ಮೂಗೂ ಒಂದು ಕಾಲದಲ್ಲಿ ಸುಳ್ಳಲ್ಲ, ಅದನ್ನು ಒಪ್ಪಬೇಕು. ಕಾಪುವಿನ ವಾಸು ಎಂಬ ಸಗಟು ವ್ಯಾಪಾರಿಯ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಅವನದ್ದು ಇದೇ ಕೆಲಸ. ಲಾರಿ ಬಂದ ಕೂಡಲೇ ಹಣ್ಣನ್ನು ತೊಟ್ಟಿನ ಹತ್ತಿರ ಮೂಸಿ, ಸಿಹಿಯಾದದ್ದು ಹೋಟೆಲಿಗೆ, ಮಣಿಪಾಲದ ಅಂಗಡಿಗಳಿಗೆ, ಹುಳಿಯಾದದ್ದು ಜ್ಯೂಸಿಗೆ ಎಂದು ಬೇರೆ ಮಾಡುವುದು. ಅಷ್ಟರಲ್ಲಿ ಆ ದೊಡ್ಡ ಜ್ವರದ ವರ್ಷ ಬಂತು. ಓಸ್ವಾಲ್ಡ್ ಹದಿನೈದು ದಿನ ಮಲಗಿ ಎದ್ದ, ಮೂಗು ಏಳಲಿಲ್ಲ. ಹುರಿದ ಬಂಗುಡೆ ಮೀನೂ ಒಂದೇ, ಬರಿ ಗಾಳಿಯೂ ಒಂದೇ.

ಮೂಗು ಹೋದದ್ದನ್ನು ಯಾರಿಗೂ ಹೇಳದೆ ಕೆಲಸಕ್ಕೆ ಹೋದ. ಮೊದಲ ವಾರವೇ ಹುಳಿ ಹಣ್ಣು ಹೋಟೆಲಿಗೆ ಹೋಗಿ ದೂರು ಬಂತು. ಆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಗುವಿನಂತೆ ಅತ್ತ.

"ಸೆಲೀನ್, ನನ್ನ ಅನ್ನ ಹೋಯಿತು."

"ಅಳಬೇಡಿ. ನಾಳೆಯಿಂದ ನಾನೂ ಬರ್ತೇನೆ" ಎಂದಳು ಸೆಲೀನ್.

ಉಪಾಯವೂ ಅವಳದ್ದೇ. ಅವಳು ಹಿಂದೆ ಸ್ಟೂಲಿನಲ್ಲಿ ಕುಳಿತು ಬಾಕ್ಸಿನಿಂದ ಹಣ್ಣು ಎತ್ತಿ ಸೆರಗಿನಲ್ಲಿ ಒರೆಸುತ್ತಾಳೆ. ಒರೆಸುವಾಗ ಒಮ್ಮೆ ಮೂಸುತ್ತಾಳೆ. ತೊಟ್ಟು ಮೇಲೆ ಮಾಡಿ ಗಂಡನ ಕೈಗಿಟ್ಟರೆ ಸಿಹಿ, ತೊಟ್ಟು ಕೆಳಗಾಗಿ ಇಟ್ಟರೆ ಹುಳಿ. ಓಸ್ವಾಲ್ಡ್ ಅದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಪಾದ್ರಿಗಳು ಆಶೀರ್ವಾದ ಕೊಡುವ ಗತ್ತಿನಲ್ಲಿ ತೀರ್ಪು ಕೊಡುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

"ಯಾರಿಗೂ ಹೇಳಬೇಡ" ಎಂದಿದ್ದ ಓಸ್ವಾಲ್ಡ್. "ಸಮಯ ಬಂದಾಗ ನಾಲ್ಕು ಜನರ ಎದುರು ನಾನೇ ಹೇಳ್ತೇನೆ, ಇದು ನನ್ನ ಹೆಂಡತಿಯ ಮೂಗು ಅಂತ."

ಸೆಲೀನ್ ನಾಲ್ಕು ವರ್ಷ ಆ ಒಂದು ಮಾತಿಗೆ ಕಾದಳು. ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಒಂದು ಮಾತು.

ಕಳೆದ ಮೇ ತಿಂಗಳಲ್ಲಿ ಆ ಸಮಯ ಬಂತು. ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಿಂದ ವನೆಸ್ಸಾ ಎಂಬ ಹುಡುಗಿ ತಾವು ಮಾಡಿದ ಒಂದು ಯಂತ್ರ ತಂದಳು. ಟಾರ್ಚಿನಷ್ಟು ದೊಡ್ಡದು. ಹಣ್ಣಿನ ಸಿಪ್ಪೆಗೆ ಒತ್ತಿ ಹಿಡಿದರೆ ಒಳಗೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕನ್ನು ಅಳೆದು, ಸಕ್ಕರೆ ಎಷ್ಟು ಎಂದು ಅಂಕಿ ತೋರಿಸುತ್ತದೆ. ಹಣ್ಣು ಕೊಯ್ಯುವುದೇ ಬೇಡ. ವಾಸುವಿಗೆ ಅದರ ಮೇಲೆ ಆಸೆ ಹುಟ್ಟಿತ್ತು.

"ಪೊರ್ಬುಗಳೇ, ದುಬೈಗೆ ಕಳಿಸುವವರು ಈಗ ನಂಬರ್ ಕೇಳ್ತಾರೆ ಮಾರಾಯ್ರೆ. ನಿಮ್ಮ ಮೂಗನ್ನು ಬಾಕ್ಸಿಗೆ ಅಂಟಿಸಲಿಕ್ಕೆ ಆಗ್ತದಾ?"

ಪಂದ್ಯ ನಿಶ್ಚಯವಾಯಿತು. ಇಪ್ಪತ್ತು ಮುಂಡಪ್ಪ. ಅಂಕಿ ಹದಿನಾಲ್ಕು ದಾಟಿದರೆ ಸಿಹಿ. ಮೊದಲು ಯಂತ್ರ, ಆಮೇಲೆ ಓಸ್ವಾಲ್ಡ್, ಕೊನೆಗೆ ಹಣ್ಣು ಕೊಯ್ದು ಹಿಂಡಿ, ರಸವನ್ನು ಇನ್ನೊಂದು ಗಾಜಿನ ಉಪಕರಣಕ್ಕೆ ಹಾಕಿ ವನೆಸ್ಸಾ ಸತ್ಯ ಹೇಳುವುದು. ಇಡೀ ಯಾರ್ಡ್ ಸುತ್ತ ನೆರೆಯಿತು.

ಸೆಲೀನ್ ಎಂದಿನಂತೆ ಸ್ಟೂಲಿನಲ್ಲಿ ಕುಳಿತು ಒರೆಸಿ ಒರೆಸಿ ಕೊಟ್ಟಳು. ತೊಟ್ಟು ಮೇಲೆ, ತೊಟ್ಟು ಮೇಲೆ, ತೊಟ್ಟು ಕೆಳಗೆ. ಒಂಬತ್ತನೆಯದಕ್ಕೆ ಯಂತ್ರ ಹದಿನಾರು ತೋರಿಸಿತ್ತು, ಸೆಲೀನ್ ತೊಟ್ಟು ಕೆಳಗೆ ಮಾಡಿದಳು. ಓಸ್ವಾಲ್ಡ್ ಹುಳಿ ಎಂದ. ಜನ ನಕ್ಕರು. ಕೊಯ್ದರೆ ಗೊರಟಿನ ಸುತ್ತ ಕೆಟ್ಟು ನೀರಾಗಿತ್ತು, ರಸದ ಅಂಕಿ ಹನ್ನೊಂದು! ಕೊನೆಗೆ ನೋಡಿದರೆ ಯಂತ್ರದ್ದು ಮೂರು ತಪ್ಪು, ಓಸ್ವಾಲ್ಡನದ್ದು ಒಂದೂ ಇಲ್ಲ. ಅವನನ್ನು ಎತ್ತಿ ಕುಣಿಸುವುದೊಂದು ಬಾಕಿ.

ವನೆಸ್ಸಾಳಿಗೆ ಸೋತ ಬೇಸರವಿರಲಿಲ್ಲ. ಒಳ್ಳೆಯ ಹುಡುಗಿ. "ಬೆಳಕು ಗೊರಟಿನ ತನಕ ಹೋಗುವುದಿಲ್ಲ ಅಂಕಲ್, ನಿಮ್ಮ ಮೂಗು ಹೋಗ್ತದೆ. ಮೂರು ತಿಂಗಳು ಮಣಿಪಾಲಕ್ಕೆ ಬನ್ನಿ. ನೀವು ಹೇಳಿದ ಹಾಗೆ ಮಷೀನನ್ನು ಸರಿ ಮಾಡ್ತೇವೆ. ಸಂಬಳ ಉಂಟು, ರಿಪೋರ್ಟಿನಲ್ಲಿ ಹೆಸರೂ ಉಂಟು" ಎಂದಳು. ಆಮೇಲೆ ಸ್ಟೂಲಿನ ಕಡೆ ತಿರುಗಿ, "ಇವರು ಯಾರು?" ಎಂದು ಕೇಳಿದಳು.

ಸೆಲೀನ್ ಗಂಡನ ಮುಖ ನೋಡಿದಳು. ನಾಲ್ಕಲ್ಲ, ನಲವತ್ತು ಜನ ಎದುರಿಗಿದ್ದರು.

"ನನ್ನ ಹೆಂಡತಿ" ಎಂದ ಓಸ್ವಾಲ್ಡ್. "ಊಟ ತರ್ತಾಳೆ. ಹಣ್ಣು ಎತ್ತಿ ಕೊಡ್ತಾಳೆ."

ಅಷ್ಟೇ. ಸೆಲೀನ್ ಎದ್ದು ನಿಂತಳು. "ಮಣಿಪಾಲಕ್ಕೆ ನಾನು ಬರ್ತೇನೆ. ಮೂಸುವುದು ನಾನು. ಅವರಿಗೆ ಜ್ವರ ಬಂದ ಮೇಲೆ ವಾಸನೆ ಇಲ್ಲ" ಎಂದಳು.

ಮೊದಲು ನಕ್ಕವನು ಓಸ್ವಾಲ್ಡ್. "ಅವಳಿಗೆ ತಮಾಷೆ ಸ್ವಲ್ಪ ಜಾಸ್ತಿ" ಎಂದ. ವಾಸು ನಕ್ಕ, "ಸೆಲೀನ್ ಬಾಯಿ, ನೀವು ಹೋದರೆ ಪೊರ್ಬುಗಳಿಗೆ ಊಟ ಯಾರು ತರುವುದು?" ಎಂದ. ಯಾರ್ಡಿಗೆ ಯಾರ್ಡೇ ನಕ್ಕಿತು. ವನೆಸ್ಸಾ ಕೂಡ ನಕ್ಕಳು. ಇಪ್ಪತ್ತು ಹಣ್ಣು ಕೊಯ್ದು ಸತ್ಯ ಹುಡುಕಿದ ಜನಕ್ಕೆ ಇಪ್ಪತ್ತೊಂದನೆಯದನ್ನು ಅವಳ ಮೂಗಿಗೆ ಹಿಡಿದು ನೋಡೋಣ ಎಂದು ಹೊಳೆಯಲಿಲ್ಲ.

ಅವಳಾದರೂ ಹಟ ಹಿಡಿಯಬಹುದಿತ್ತು, ಅಲ್ವಾ? ಹಿಡಿಯಲಿಲ್ಲ. ಇನ್ನೊಂದು ಮಾತಾಡಿದರೆ ಗಂಡ ಇಡೀ ಯಾರ್ಡಿನ ಮುಂದೆ ಸುಳ್ಳನಾಗುತ್ತಾನೆ ಎಂದು ಕುಳಿತುಬಿಟ್ಟಳು. ಈ ಹೆಂಗಸರ ಮರ್ಯಾದೆಗಿಷ್ಟು ಬೆಂಕಿ ಹಾಕ! ಅವನಿಗೆ ಇಲ್ಲದ ದಾಕ್ಷಿಣ್ಯ ಇವಳಿಗೆ ಯಾಕೆ ಬೇಕಿತ್ತು?

ಒಬ್ಬನೇ ಮಣಿಪಾಲಕ್ಕೆ ಹೋದರೆ ಬಣ್ಣ ಬಯಲಾಗುತ್ತದೆ ಎಂದು ಓಸ್ವಾಲ್ಡನಿಗೆ ಗೊತ್ತಿತ್ತು. "ಮಷೀನಿಗೆ ಪಾಠ ಹೇಳಲಿಕ್ಕೆ ನಾನು ಹುಟ್ಟಿದ್ದಲ್ಲ" ಎಂದುಬಿಟ್ಟ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ವಾಸುವಿಗೆ ಸಿಟ್ಟು ಬಂತು. ನಾಳೆ ಈ ಮೂಗು ಮುದಿಯಾದರೆ ತನಗೆ ಯಾರು ಗತಿ ಎಂದು, ಆ ಮೂರು ತಪ್ಪಿನ ಸಮೇತ ಯಂತ್ರವನ್ನೇ ಇಟ್ಟುಕೊಂಡ. ಓಸ್ವಾಲ್ಡನಿಗೆ ಶಾಲು ಹೊದೆಸಿ, ಹಾರ ಹಾಕಿ ಮನೆಗೆ ಕಳಿಸಿದರು.

ಯಂತ್ರ ಒತ್ತಲು ಒಂದು ಜನ ಬೇಕಲ್ಲ? "ಬಾಯಿ, ನೀವೇ ಬನ್ನಿ. ಇದಕ್ಕೆ ತಲೆ ಬೇಡ, ಬಟನ್ ಒತ್ತಿದರೆ ಸಾಕು" ಎಂದು ವಾಸು ಕರೆದ. ಮನೆ ನಡೆಯಬೇಕಿತ್ತು, ಸೆಲೀನ್ ಹೋದಳು. ಅದೇ ಸ್ಟೂಲು. ಹಣ್ಣು ಕೈಗೆ ಬಂದಾಗಲೇ ಅವಳಿಗೆ ಗೊತ್ತಾಗುತ್ತದೆ, ಅಂಕಿ ಆಮೇಲೆ ಬರುತ್ತದೆ. ಯಂತ್ರ ತಪ್ಪಿದಾಗಲೂ ಅದು ಹೇಳಿದ ಬಾಕ್ಸಿಗೇ ಹಾಕುತ್ತಾಳೆ. ಕೇಳುವವರಿಲ್ಲದ ಮೇಲೆ ಹೇಳುವುದು ಯಾರಿಗೆ?

ಈ ವರ್ಷದ ಮೊದಲ ಲಾರಿಯಲ್ಲಿ ಅಂಥದೊಂದು ಮುಂಡಪ್ಪ ಬಂತು. ಯಂತ್ರ ಹದಿನೇಳು ಎಂದಿತು. ಸೆಲೀನ್ ಮೂಸಿ, ಅದನ್ನು ಬುತ್ತಿಯ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಓಸ್ವಾಲ್ಡ್ ಜಗಲಿಯಲ್ಲಿ ಕುಳಿತಿದ್ದ. ಅವಳು ಹಣ್ಣನ್ನು ತೊಳೆದು, ಸೆರಗಿನಲ್ಲಿ ಒರೆಸಿ, ತೊಟ್ಟು ಮೇಲೆ ಮಾಡಿ ಅವನ ಅಂಗೈಯಲ್ಲಿಟ್ಟಳು. ವರ್ಷದ ಮೇಲೆ ಮೊದಲ ಸಲ. ಅವನ ಮುಖ ಅರಳಿತು. ಕೊಯ್ದು ದೊಡ್ಡ ಹೋಳೊಂದನ್ನು ಬಾಯಿಗೆ ಹಾಕಿದ. ಮೂಗು ಸತ್ತಿತ್ತು, ನಾಲಿಗೆ ಸತ್ತಿರಲಿಲ್ಲ. ಮುಖ ಹಿಂಡಿಕೊಂಡಿತು.

"ಎಂತ ಇದು ಸೆಲೀನ್? ತೊಟ್ಟು ಮೇಲೆ ಮಾಡಿ ಕೊಟ್ಟೆಯಲ್ಲ!"

"ಹೌದು" ಎಂದಳು ಸೆಲೀನ್. "ನನಗೆ ತಮಾಷೆ ಸ್ವಲ್ಪ ಜಾಸ್ತಿ ಅಲ್ವಾ?"

ಅವಳು ಎದುರಿಗೆ ಕುಳಿತು ನೋಡುತ್ತಿದ್ದಂತೆ, ಓಸ್ವಾಲ್ಡ್ ತಲೆ ಎತ್ತದೆ, ಆ ಹಣ್ಣನ್ನು ಗೊರಟಿನವರೆಗೂ ತಿಂದ.